ಇಂಟಾಕ್ಸಿಕೇಶನ್ ಅಂದರೆ ಕುಡಿತವಾ? ಅಪ್ಪ ತಿಂದದ್ದು ಲಾಂಬು ಮಾರಾಯ್ರೆ

ಬಚ್ಚಿರೆ ಬಜ್ಜೆಯಿ, ಬದಿಯಡ್ಕ

ನಮಸ್ಕಾರ ಎಲ್ಲರಿಗೂ. ಭಾಷೆ ಗೊತ್ತಿರುವವರು, ಆಸ್ಪತ್ರೆ ಕಾಗದ ಗೊತ್ತಿರುವವರು, ಇಬ್ಬರ ಸಹಾಯವೂ ಬೇಕು.

ನನ್ನ ಅಪ್ಪನಿಗೆ 74. ಕೇರಳದ ಗಡಿಯ ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಆಟಿ ತಿಂಗಳಲ್ಲಿ ಒಂದು ದಿನ ಗೇರುಗುಡ್ಡೆಯ ಬದಿಯಿಂದ ಬೆಳ್ಳಗಿನ ಲಾಂಬು, ಅಂದರೆ ಅಣಬೆ, ಕೊಯ್ದು ತಂದರು. ಅಮ್ಮ ನೋಡಿ, "ಇದು ಯಾವಾಗಿನ ಹಾಗೆ ಇಲ್ಲ" ಅಂದರು. ಅಪ್ಪ ಕೇಳಲಿಲ್ಲ. ಕೊನೆಗೆ ಪಲ್ಯ ಉಂಡದ್ದು ಅವರೊಬ್ಬರೇ. ಎರಡು ಗಂಟೆಯೊಳಗೆ ವಾಂತಿ, ಭೇದಿ, ಮೈಯೆಲ್ಲ ಬೆವರು. ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರು ದಿನ ಇದ್ದು ಹುಷಾರಾಗಿ ಬಂದರು. ಬಿಲ್ಲು 41 ಸಾವಿರ.

ಡಿಸ್ಚಾರ್ಜ್ ಶೀಟ್‌ನಲ್ಲಿ "ಮಶ್ರೂಮ್ ಇಂಟಾಕ್ಸಿಕೇಶನ್" ಅಂತ ಬರೆದಿದ್ದರು. ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಿದರು. ಕಾರಣ ಏನು ಗೊತ್ತಾ? ಅಮಲು ಪದಾರ್ಥದಿಂದ ಆದ ತೊಂದರೆಗೆ ಪಾಲಿಸಿಯಲ್ಲಿ ಹಣ ಇಲ್ಲವಂತೆ. ಫೋನ್ ಮಾಡಿದರೆ ಆ ಕಡೆಯಿಂದ ಒಬ್ಬಳು ಹುಡುಗಿ, "ಸರ್, ಅವರು ಎಷ್ಟು ವರ್ಷದಿಂದ ತಗೊಳ್ತಾ ಇದ್ದಾರೆ?" ಅಂತ ಕೇಳಿದಳು. ಫೋನ್ ಸ್ಪೀಕರ್‌ನಲ್ಲಿತ್ತು. ಅಪ್ಪ ಅಲ್ಲೇ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು.

ನೀರಾ ಕೊಟ್ಟರೂ ಮೂಸಿ ನೋಡಿ ಆಚೆ ಇಡುವ ಮನುಷ್ಯ ಅವರು. ಈಗ ಅವರಿಗೆ ಹಣದ ಚಿಂತೆಗಿಂತ ಶಬ್ದದ ಚಿಂತೆ ಜಾಸ್ತಿ. "ಟಾಕ್ಸಿಕ್ ಅಂದರೆ ವಿಷ ತಾನೇ? ವಿಷ ಒಳಗೆ ಹೋದದ್ದು ಅಮಲು ಹೇಗಾಯಿತು? ಕೇಳಿ ನೋಡು ನಿನ್ನ ಕಂಪ್ಯೂಟರಿನವರ ಹತ್ತಿರ" ಅಂತಾರೆ. ಕೇಳ್ತಾ ಇದ್ದೇನೆ.

ದುಬೈ ಬಸ್ಸು

ಮಾಷ್ಟ್ರಿಗೆ ಹುಷಾರಾಯ್ತಲ್ಲ, ಅದು ದೊಡ್ಡದು. ಆದರೆ ಆ ಹುಡುಗಿಯನ್ನು ಪೂರ್ತಿ ಬೈಯಬೇಡಿ. ಅಮಲೇರಿಸುವ ಲಾಂಬು ಅಂತಲೂ ಇದೆ. ಕೊಡೈಕೆನಾಲ್ ಕಡೆ ಅದಕ್ಕೇ ಹುಡುಕಿಕೊಂಡು ಹೋಗುವ ಹುಡುಗರಿದ್ದಾರೆ. ಮಶ್ರೂಮ್ ಅಂತ ಒಂದು ಶಬ್ದ, ಪಕ್ಕದಲ್ಲಿ ಇಂಟಾಕ್ಸಿಕೇಶನ್ ಅಂತ ಇನ್ನೊಂದು. ಆಫೀಸಿನಲ್ಲಿ ಕೂತವರಿಗೆ ನಿಮ್ಮ ಅಪ್ಪ ಕೊಡೈಕೆನಾಲ್‌ನ ಹಿಪ್ಪಿ ಥರ ಕಂಡಿರಬೇಕು.

ಶೀಟ್‌ನ ಕೊನೆಗೆ "ಪೇಷೆಂಟ್ ಈಸ್ ಫಿಟ್" ಅಂತ ಬರೆಯದೇ ಇದ್ದದ್ದು ಪುಣ್ಯ. ನಮ್ಮಲ್ಲಿ ಮಲಯಾಳದಲ್ಲಿ "ಅವನು ಫಿಟ್ಟ್" ಅಂದರೆ ಫುಲ್ ಟೈಟ್ ಅಂತಲೇ ಅರ್ಥ!

ರೆಕಾರ್ಡ್ ರೂಮ್

ನಾನು ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ರೆಕಾರ್ಡ್ಸ್ ಕೆಲಸ ಮಾಡುವವಳು. ಅಣ್ಣಾ, ಶಬ್ದವನ್ನು ಬಿಡಿ, ಕೋಡ್ ನೋಡಿ. ಪ್ರತಿ ಕಾಯಿಲೆಗೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಒಂದು ನಂಬರ್ ಇರ್ತದೆ. ಅದಕ್ಕೆ ಐಸಿಡಿ ಕೋಡ್ ಅಂತಾರೆ. ತಿಂದ ಅಣಬೆಯಿಂದ ಆದ ವಿಷಕ್ಕೆ ಹತ್ತನೇ ಆವೃತ್ತಿಯಲ್ಲಿ ಟಿ62.0. ಮದ್ಯದ ಅಮಲಿಗೆ ಎಫ್10.0. ಎಫ್ ಅಂದರೆ ಮನಸ್ಸು, ನಡವಳಿಕೆಯ ವಿಭಾಗ. ಟಿ ವಿಭಾಗದಲ್ಲಿ ಬರುವುದು ಪೆಟ್ಟು, ವಿಷ ಇತ್ಯಾದಿ. ಎರಡೂ ಬೇರೆ ಬೇರೆ ಕಪಾಟು.

ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಮಾಡಿದ ಡಾಕ್ಟರ್ ಹತ್ತಿರ ಒಂದು ಕಾಗದ ಬರೆಸಿಕೊಳ್ಳಿ. "ಗೊತ್ತಿಲ್ಲದೆ ವಿಷದ ಅಣಬೆ ತಿಂದದ್ದು, ಮದ್ಯ ಅಥವಾ ಮಾದಕ ವಸ್ತು ಸೇವನೆ ಇಲ್ಲ" ಅಂತ ಸ್ಪಷ್ಟವಾಗಿ ಇರಲಿ, ಕೋಡ್ ಸಮೇತ.

ಡಾಕ್ಟರುಗಳ ಭಾಷೆಯಲ್ಲಿ ಇಂಟಾಕ್ಸಿಕೇಶನ್ ಅಂದರೆ ಈಗಲೂ ಯಾವುದೋ ಒಂದು ವಸ್ತು ಮೈಗೆ ವಿಷವಾಗುವುದು. ವಾಟರ್ ಇಂಟಾಕ್ಸಿಕೇಶನ್ ಅಂತಲೇ ಒಂದಿದೆ. ಬರೇ ನೀರು! ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಗೇ ತೊಂದರೆ ಆಗ್ತದೆ. ಅದಕ್ಕೆ ಇನ್ಶೂರೆನ್ಸ್‌ನವರು ಎಂತ ಹೇಳ್ತಾರೋ.

ಗಡಿಕಲ್ಲು

ಮಾಷ್ಟ್ರ ಪ್ರಶ್ನೆ ಚೆನ್ನಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಆ ಶಬ್ದದ ಬುಡದಲ್ಲಿ ಹೆಂಡವೂ ಇಲ್ಲ, ವಿಷವೂ ಇಲ್ಲ. ಇರುವುದು ಬಿಲ್ಲು. ಗ್ರೀಕಿನಲ್ಲಿ ಟಾಕ್ಸನ್ ಅಂದರೆ ಬಿಲ್ಲು. ಬಾಣದ ಮೊನೆಗೆ ಸವರುವ ವಿಷಕ್ಕೆ ಅವರು "ಟಾಕ್ಸಿಕಾನ್ ಫಾರ್ಮಕಾನ್" ಅನ್ನುತ್ತಿದ್ದರು. ಫಾರ್ಮಸಿ ಬಂದದ್ದು ಈ ಫಾರ್ಮಕಾನ್‌ನಿಂದಲೇ. ಅದಕ್ಕೆ ಔಷಧಿ ಅಂತಲೂ ಅರ್ಥ, ವಿಷ ಅಂತಲೂ ಅರ್ಥ. ಇಂಗ್ಲಿಷಿನವರಿಗೆ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ನಮಗೆ ಒಂದೇ ಶಬ್ದ ಸಾಕು: ಮದ್ದು. ಜ್ವರಕ್ಕೆ ಕುಡಿಯುವುದು ಮದ್ದು. ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಬಿಡುವುದು ಮದ್ದು. "ಅವನಿಗೆ ಯಾರೋ ಮದ್ದು ಹಾಕಿದ್ದಾರೆ" ಅಂದರೆ ಕೈವಿಷ. ಕೋವಿಗೆ ತುಂಬುವುದೂ ಮದ್ದೇ.

ಹಾಗಾಗಿ ಟಾಕ್ಸಿಕಾನ್ ಫಾರ್ಮಕಾನ್ ಅಂದರೆ ನೇರವಾಗಿ "ಬಿಲ್ಲಿನ ಮದ್ದು". ಆಮೇಲೆ ಆದದ್ದು ತಮಾಷೆ. ಬಾಯಲ್ಲಿ ಸವೆದು ಸವೆದು ಮದ್ದು ಬಿದ್ದುಹೋಯಿತು, ಬಿಲ್ಲು ಮಾತ್ರ ಉಳಿಯಿತು. ಮೊಬೈಲ್ ಫೋನ್‌ನಲ್ಲಿ ಫೋನ್ ಬಿದ್ದು ಬರೇ ಮೊಬೈಲ್ ಉಳಿದ ಹಾಗೆ. ಲ್ಯಾಟಿನ್‌ಗೆ ಹೋಗುವಾಗ ಟಾಕ್ಸಿಕಮ್ ಅಂದರೆ ವಿಷ ಅಂತಲೇ ಆಗಿತ್ತು. ಅದರಿಂದ ಮಧ್ಯಕಾಲದ ಲ್ಯಾಟಿನ್‌ನಲ್ಲಿ ಇಂಟಾಕ್ಸಿಕಾರೆ, ಅಂದರೆ ವಿಷ ಉಣಿಸು. ಇಂಗ್ಲಿಷಿಗೆ 15ನೇ ಶತಮಾನದಲ್ಲಿ ಬಂದಾಗಲೂ ಅರ್ಥ ವಿಷ ಹಾಕುವುದೇ. ಕುಡಿದು ಮತ್ತೇರುವ ಅರ್ಥ ಅಂಟಿಕೊಂಡದ್ದು 16ನೇ ಶತಮಾನದಲ್ಲಿ. ಫ್ರೆಂಚರು ಮಾತ್ರ ಹಳೆಯದನ್ನು ಬಿಡಲಿಲ್ಲ. ಅವರಲ್ಲಿ ಇವತ್ತಿಗೂ ಊಟದಿಂದ ವಿಷವಾದರೆ ಇಂಟಾಕ್ಸಿಕಾಸಿಯೋಂ, ಕುಡಿದ ಅಮಲಿಗೆ ಬೇರೆಯೇ ಶಬ್ದ.

ನಿಮ್ಮ ಪಾಲಿಸಿ ಪ್ಯಾರಿಸ್‌ನಲ್ಲಿ ಮಾಡಿಸಿದ್ದರೆ ಮೊದಲ ದಿನವೇ ದುಡ್ಡು ಬರ್ತಿತ್ತು.

ಹರಿಕಥೆ ಭಟ್ರು

ಗ್ರೀಕಿನವರೆಗೆ ಯಾಕೆ ಹೋಗಬೇಕು? ನಮ್ಮ ತಕ್ಷಕ ಇದ್ದಾನಲ್ಲ, ಪರೀಕ್ಷಿತನನ್ನು ಕಚ್ಚಿದ ಸರ್ಪ. ತಕ್ಷಕ, ಟಾಕ್ಸಿಕ್. ಕಿವಿಗೆ ಕೇಳುವುದಿಲ್ವಾ?

ಗಡಿಕಲ್ಲು

ಭಟ್ರೇ, ಕೇಳಲು ಚಂದ ಉಂಟು, ಆದರೆ ಆಗುವುದಿಲ್ಲ. ಸಂಸ್ಕೃತದ ತಕ್ಷ್ ಅಂದರೆ ಕೆತ್ತು, ಕಡಿ. ತಕ್ಷಕ ಅಂದರೆ ಬಡಗಿ ಅಂತಲೂ ಅರ್ಥ ಇದೆ. ಗ್ರೀಕಿನಲ್ಲಿ ಅದರ ದಾಯಾದಿ ಟೆಕ್ಟೋನ್, ಅವನೂ ಬಡಗಿಯೇ. ಆರ್ಕಿಟೆಕ್ಟ್ ಎಂಬಲ್ಲಿ ಕೂತಿರುವುದು ಅವನು. ನಿಮ್ಮ ತಕ್ಷಕನಿಗೆ ನೆಂಟಸ್ತಿಕೆ ಇರುವುದು ಇಂಜಿನಿಯರ್ ಹತ್ತಿರ, ಡಾಕ್ಟರ್ ಹತ್ತಿರ ಅಲ್ಲ.

ಹರಿಕಥೆ ಭಟ್ರು

ಸರಿ. ಕಥೆಯಲ್ಲಿ ಮಾತ್ರ ಹೇಳ್ತೇನೆ, ನೀವು ಸಭೆಗೆ ಬರಬೇಡಿ.

ಕೋರ್ಟ್ ರಸ್ತೆ

ಎಲ್ಲರೂ ಸೇರಿ ಇನ್ಶೂರೆನ್ಸ್ ಕ್ಲರ್ಕ್ ತಪ್ಪು ಅಂತ ತೀರ್ಪು ಕೊಟ್ಟುಬಿಟ್ಟಿದ್ದೀರಿ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಶಬ್ದದ ಅಜ್ಜ ಯಾರು ಅಂತ ನೋಡಿ ಕಾಗದ ಓದುವುದಿಲ್ಲ. ಇವತ್ತು ಅದಕ್ಕೆ ಏನು ಅರ್ಥ ಅಂತ ನೋಡುತ್ತಾರೆ. ಕಾನೂನಿನಲ್ಲಿ ಇಂಟಾಕ್ಸಿಕೇಶನ್ ಅಂದರೆ ಅಮಲೇ. ಹಳೆಯ ಐಪಿಸಿಯ 85ನೇ ಕಲಂ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಂ ನೋಡಿ. ಸಂವಿಧಾನದ 47ನೇ ವಿಧಿಯಲ್ಲಿ ಬರುವುದೂ ಅಮಲೇರಿಸುವ ಪಾನೀಯಗಳ ಮಾತೇ.

ಆದರೆ ಆ 23ನೇ ಕಲಂನಲ್ಲಿ ಒಂದು ಮಾತಿದೆ. ಗೊತ್ತಿಲ್ಲದೆಯೋ ಇಷ್ಟಕ್ಕೆ ವಿರುದ್ಧವಾಗಿಯೋ ಹೊಟ್ಟೆಗೆ ಹೋದ ಅಮಲನ್ನು ಕಾನೂನು ಬೇರೆ ಥರ ನೋಡುತ್ತದೆ. ಅದು ಅಪರಾಧದ ಲೆಕ್ಕ, ಇನ್ಶೂರೆನ್ಸಿಗೆ ನೇರ ಸಂಬಂಧ ಇಲ್ಲ ನಿಜ. ಆದರೂ "ಗೊತ್ತಿಲ್ಲದೆ" ಎಂಬುದನ್ನು ನಿಮ್ಮ ಕಾಗದದಲ್ಲಿ ದೊಡ್ಡದಾಗಿ ಬರೆಯಿರಿ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ, ಅಂದರೆ ಇನ್ಶೂರೆನ್ಸ್ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ, ಹೋಗಬಹುದು. ಕೇರಳಕ್ಕೆ ಎರ್ನಾಕುಳಂನಲ್ಲಿ ಆಫೀಸಿದೆ. ಫೀಸ್ ಇಲ್ಲ, ವಕೀಲರೂ ಬೇಡ. ನಾನೇ ವಕೀಲ, ಆದರೂ ಹೇಳ್ತಾ ಇದ್ದೇನೆ. ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ.

ಪೆರ್ಲದ ಮಳೆ

ಗಡಿಕಲ್ಲು ಅವರು ಮದ್ದಿನ ಬಗ್ಗೆ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮದು ಎಣ್ಮಕಜೆ. ಗೇರು ತೋಟದ ಮೇಲೆ ಹೆಲಿಕಾಪ್ಟರ್ ಬರುತ್ತಿದ್ದ ಕಾಲದಲ್ಲಿ ನಾನು ಶಾಲೆಗೆ ಹೋಗುತ್ತಿದ್ದೆ. ದೊಡ್ಡವರು "ಇವತ್ತು ಮದ್ದು ಬಿಡ್ತಾರೆ, ಬಾವಿಗೆ ಸೋಗೆ ಮುಚ್ಚಿ" ಅನ್ನುತ್ತಿದ್ದರು. ಯಾರೂ ವಿಷ ಅನ್ನಲಿಲ್ಲ. ಎಂಡೋಸಲ್ಫಾನ್ ಎಂಬ ಆ ಕೀಟನಾಶಕದ ಹೆಸರು ಬಾಯಿಗೆ ಬಂದದ್ದು ಎಷ್ಟೋ ಮೇಲೆ. 2000ದ ಹೊತ್ತಿಗೆ ಸಿಂಪಡಣೆ ನಿಂತಿತು. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ 13ಕ್ಕೆ. ಅಷ್ಟರಲ್ಲಿ ನಮ್ಮ ಪಡ್ರೆ ಕಡೆಯ ಮನೆಗಳಲ್ಲಿ ಹಾಸಿಗೆ ಬಿಟ್ಟು ಏಳದ ಮಕ್ಕಳಿದ್ದರು.

ನಮಗೆ ಟಾಕ್ಸಿಕ್ ಅಂದಾಗ ಕುಡಿತ ನೆನಪಾಗುವುದಿಲ್ಲ. ವಿಷಯ ತಪ್ಪಿಸಿದ್ದರೆ ಕ್ಷಮಿಸಿ.

ಬಚ್ಚಿರೆ ಬಜ್ಜೆಯಿ, ಬದಿಯಡ್ಕ

ತಪ್ಪಿಸಿದ್ದಲ್ಲ ಅಕ್ಕಾ. ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಆ ಕಡೆಯ ಶಾಲೆಯಲ್ಲೂ ಎರಡು ವರ್ಷ ಇದ್ದವರು. ಏನೂ ಮಾತಾಡಲಿಲ್ಲ.

ಉಪ್ಪಳದ ಪಡುಗಾಳಿ

ಶಬ್ದದಿಂದ ಆಗುವ ಫಜೀತಿ ಹೇಳುವುದಾದರೆ ನಮ್ಮ ಕಾಸರಗೋಡಿನವರಿಗೆ ಇಂಗ್ಲಿಷೇ ಬೇಕಾ? ಮಲಯಾಳದಲ್ಲಿ ಲಹರಿ ಅಂದರೆ ಅಮಲು. ಗಾಂಜಾ, ಹೆಂಡ, ಮಾತ್ರೆ ಎಲ್ಲ ಸೇರಿ ಲಹರಿ. ನಮಗೆ ಲಹರಿ ಅಂದರೆ ಮೂಡ್. "ಏನೋ ಲಹರಿಯಲ್ಲಿದ್ದಾರೆ" ಅಂತೀವಿ. ಸಂಸ್ಕೃತದಲ್ಲಿ ಅಲೆ.

ಜೂನ್ 26ಕ್ಕೆ ಶಾಲೆಗಳಲ್ಲಿ ಮಾದಕ ವಸ್ತು ವಿರೋಧಿ ದಿನ ಆಚರಿಸ್ತಾರಲ್ಲ. ಮೇಲಿನಿಂದ ಬಂದ ಮಲಯಾಳ ಸುತ್ತೋಲೆಯನ್ನು ಒಂದು ಶಾಲೆಯಲ್ಲಿ ಅವಸರಕ್ಕೆ ಕನ್ನಡ ಮಾಡಿದ್ದರು. ಗೇಟಿನಲ್ಲಿ ದೊಡ್ಡ ಬ್ಯಾನರ್: "ಲಹರಿಯನ್ನು ಬೇರುಸಹಿತ ಕಿತ್ತೊಗೆಯೋಣ". ಮೈಸೂರಿನಿಂದ ಬಂದಿದ್ದ ನಮ್ಮ ಭಾವ ಅದನ್ನು ಎರಡು ಸಲ ಓದಿದ. "ನಿಮ್ಮ ಊರಲ್ಲಿ ಕವಿಗಳ ಮೇಲೆ ಇಷ್ಟು ಸಿಟ್ಟಾ?" ಅಂತ ಕೇಳಿದ.

ಮಡಕಶಿರಾ ಮಾವ

ನಗಬೇಡಿ, ನಮ್ಮ ಕಡೆ ಇದರಪ್ಪ ಇದೆ. ನಾವು ಆಂಧ್ರದಲ್ಲಿರುವ ಕನ್ನಡದವರು. ತೆಲುಗಿನಲ್ಲಿ ಅಮಲು ಅಂದರೆ ಜಾರಿ. ಕಾಯ್ದೆ ಅಮಲು ಅಂದರೆ ಕಾಯ್ದೆ ಜಾರಿಗೆ ಬಂತು ಅಂತ. 1995ರಲ್ಲಿ ಆಂಧ್ರದಲ್ಲಿ ಪೂರ್ತಿ ಪಾನನಿಷೇಧ ಬಂತಲ್ಲ, ಆಗ ಎಲ್ಲಿ ನೋಡಿದರೂ "ಮದ್ಯ ನಿಷೇಧಂ ಅಮಲು". ನಮ್ಮ ಅಜ್ಜಿಗೆ ತೆಲುಗು ಓದಲು ಬರುತ್ತಿತ್ತು, ಆದರೆ ತಲೆ ಕನ್ನಡದ್ದು. "ನಿಷೇಧಾನೂ ಅಂತಾರೆ, ಅಮಲೂ ಅಂತಾರೆ, ಯಾವುದಪ್ಪ ನಂಬೋದು?" ಅನ್ನುತ್ತಿದ್ದಳು. ಗಡಿ ದಾಟಿ ಹೋಗಿ ಕುಡಿದು ಬರುತ್ತಿದ್ದವರನ್ನು ನೋಡಿದ ಮೇಲೆ ಅಜ್ಜಿ ಓದಿದ್ದೇ ಸರಿ ಅನ್ನಿಸಿತು.

ಗಡಿಕಲ್ಲು

ಮಾವ, ನಿಮ್ಮ ಅಜ್ಜಿ ಸಿಕ್ಕಿಹಾಕಿಕೊಂಡದ್ದು ಒಂದೇ ಶಬ್ದದ ಎರಡು ಕೊಂಬೆಗಳ ನಡುವೆ. ಅರಬಿಯಲ್ಲಿ ಅಮಲ್ ಅಂದರೆ ಕೆಲಸ, ಮಾಡುವಿಕೆ. ಒಂದು ಕೊಂಬೆ ಆಡಳಿತದ ಕಡೆ ಬೆಳೆಯಿತು. ಹಳೆಯ ಮೈಸೂರಿನ ಅಮಲ್ದಾರ ಅಲ್ಲಿಯವನು. ಇನ್ನೊಂದು, ಒಳಗೆ ಹೋದ ವಸ್ತು ತನ್ನ "ಕೆಲಸ" ತೋರಿಸುವುದು. ಅಫೀಮು ಕೆಲಸ ಮಾಡಲು ಶುರು ಮಾಡಿತು ಅಂದರೆ ಅಮಲೇರಿತು. ಕಚೇರಿಯಲ್ಲಿ ಕೂತವನೂ ಅಮಲ್ದಾರ, ಕಟ್ಟೆಯಲ್ಲಿ ಬಿದ್ದವನೂ ಅಮಲುದಾರ.

ದುಬೈ ಬಸ್ಸು

ಇದರಲ್ಲಿ ಯಾರು ಜಾಸ್ತಿ ಹಾಳು ಮಾಡಿದ್ದು ಅಂತ ಕೇಳುವುದಿಲ್ಲ.

ನನಗೆ ಗೊತ್ತಿರುವುದು ಇಂಗ್ಲಿಷಿನ ಗ್ರಾಗಿ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ವರ್ನನ್ 1740ರಲ್ಲಿ ನಾವಿಕರ ರಮ್ಮಿಗೆ ನೀರು ಬೆರೆಸಿ ಕೊಡಲು ಆರ್ಡರ್ ಮಾಡಿದ. ಅವನು ಗ್ರೋಗ್ರಮ್ ಎಂಬ ಒರಟು ಬಟ್ಟೆಯ ಕೋಟು ಹಾಕುತ್ತಿದ್ದನಂತೆ, ಹಾಗಾಗಿ ಅಡ್ಡಹೆಸರು ಓಲ್ಡ್ ಗ್ರಾಗ್. ನೀರು ಬೆರೆಸಿದ ರಮ್ಮಿಗೂ ಅದೇ ಹೆಸರು ಬಿತ್ತು, ಅದನ್ನು ಕುಡಿದು ತೂರಾಡುವವನು ಗ್ರಾಗಿ. ಈಗ ರಾತ್ರಿ ಪಾಳಿ ಮುಗಿಸಿ ತಲೆ ಮಂಪರಾದ ನಾವೂ ಗ್ರಾಗಿ. ಒಂದು ಕೋಟಿನಿಂದ ಇಷ್ಟು!

ರೆಕಾರ್ಡ್ ರೂಮ್

ಆಲ್ಕೋಹಾಲ್ ಕಥೆಯೂ ಹಾಗೇ ಅಲ್ವಾ? ಅರಬಿಯ ಅಲ್-ಕುಹ್ಲ್, ಅಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ನುಣ್ಣಗಿನ ಪುಡಿಗೆ ಇದ್ದ ಹೆಸರು ಆಮೇಲೆ ಯಾವುದೇ ವಸ್ತುವಿನ ಸಾರಕ್ಕೆ ಬಂತು, ಅಲ್ಲಿಂದ ದ್ರಾಕ್ಷಾರಸದ ಸಾರಕ್ಕೆ. ನಮ್ಮ ವಾರ್ಡಿನಲ್ಲಿ ಸುರ್ಮಾ ಹಚ್ಚಿದ ಉಮ್ಮಂದಿರಿಗೆ ಇದನ್ನು ಹೇಳಿದರೆ ನನ್ನ ಕಥೆ ಮುಗಿಯಿತು.

ಪಳ್ಳಿಕ್ಕರೆ ಕರಾವಳಿ

ಅರಬಿ, ಗ್ರೀಕು ಎಲ್ಲ ಆಯಿತು. ಅಮಲು ಅರಬಿ, ನಶೆಯೂ ಅರಬಿಯದ್ದೇ, ಮತ್ತೇರುವ "ಮತ್ತು", "ಮದ" ಎರಡೂ ಸಂಸ್ಕೃತ. ಹಾಗಾದರೆ ಹೊರಗಿನವರು ಬರುವ ಮೊದಲು ನಮಗೆ ತಲೆಯೇ ತಿರುಗುತ್ತಿರಲಿಲ್ವಾ?

ನಮ್ಮದೇ ಶಬ್ದ ಒಂದಿದೆ: ಸೊಕ್ಕು. ಈಗ ಸೊಕ್ಕು ಅಂದರೆ ಅಹಂಕಾರ ಮಾತ್ರ ಅಂತ ಪೇಟೆಯವರು ತಿಳಿದಿದ್ದಾರೆ. ಹಳಗನ್ನಡದಲ್ಲಿ ಸೊರ್ಕು. ಮದವೇರಿದ ಆನೆಗೂ, ಕುಡಿದವನಿಗೂ, ದೊಡ್ಡಸ್ತಿಕೆ ಮಾಡುವವನಿಗೂ ಅದೇ. ಅಡಿಕೆ ತೋಟದವರಿಗೆ ಹೇಳಬೇಕಾಗಿಲ್ಲ. ಹಸಿ ಅಡಿಕೆಯ ಹೋಳು ಬಾಯಿಗೆ ಹಾಕಿ ನಾಲ್ಕು ಸಲ ಜಗಿಯುವಷ್ಟರಲ್ಲಿ ಕಿವಿ ಬಿಸಿಯಾಗ್ತದೆ. ಹಣೆಯಲ್ಲಿ ಬೆವರು. ಎದೆಯಲ್ಲಿ ಒಂದು ಥರ ಬಿಗಿ. ಕೂತ ಬೆಂಚು ಸ್ವಲ್ಪ ಮೇಲೆ ಹೋಗಿ ಕೆಳಗೆ ಬಂದ ಹಾಗೆ. "ಅಡಿಕೆ ಸೊಕ್ಕಿತು" ಅಂತ ಒಂದು ಲೋಟ ನೀರು ಕೊಡ್ತಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಮಾಡುವ ಕೆಲಸ ಅದು.

ಈಗ ನಮ್ಮ ಮನೆಯ ಮಾತು ಕೇಳಿ. ನಾವು ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮಲಯಾಳದಲ್ಲಿ ಇದೇ ಶಬ್ದ ಚೊರುಕ್ಕ್. ಅಡಿಕೆಯಿಂದ ಆಗುವುದೂ ಚೊರುಕ್ಕ್. ದೋಣಿಯಲ್ಲಿ ಹೊಸಬರಿಗೆ ಹೊಟ್ಟೆ ತೊಳಸಿ ತಲೆ ತಿರುಗುವುದು ಕಡಲ್ ಚೊರುಕ್ಕ್. ನನ್ನ ಅಪ್ಪ ಬೇಕಲ ಕಡೆಯಿಂದ ಮೀನಿಗೆ ಹೋಗುತ್ತಿದ್ದವರು. ನನ್ನನ್ನು ಮೊದಲ ಸಲ ದೋಣಿ ಹತ್ತಿಸಿದ ದಿನ ನಾನು ಹಲಗೆ ಹಿಡಿದು ವಾಂತಿ ಮಾಡುವಾಗ, "ಹೆದರಬೇಡ, ಕಡಲು ನಿನ್ನನ್ನು ಸೊಕ್ಕಿಸಿ ನೋಡ್ತಾ ಇದೆ" ಅಂದರು. ಹೆಂಡ ಇಲ್ಲ, ಬಾಣ ಇಲ್ಲ, ಅಮಲ್ದಾರ ಇಲ್ಲ. ಬರೇ ನೀರಿನ ಅಲೆ.

ಮಾಷ್ಟ್ರಿಗೆ ಆದದ್ದು ಲಾಂಬು ಸೊಕ್ಕಿದ್ದು. ಹಾಗೆ ಬರೆದಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಹರಿಕಥೆ ಭಟ್ರು

ಅಲೆಯಿಂದ ಅಮಲು ಅಂದಿರಲ್ಲ. ಹಾಗಾದರೆ ಮಲಯಾಳದವರ ಲಹರಿ ಸರಿಯೇ ಆಯ್ತು! ನಮ್ಮ ಉಪ್ಪಳದವರ ಭಾವನಿಗೆ ತಿಳಿಸಿ.

ಇನ್ನೊಂದು ಹೇಳಿ ಹೋಗ್ತೇನೆ, ಇದಕ್ಕೂ ಗಡಿಕಲ್ಲು ಬಂದು ಕಲ್ಲು ಹಾಕಬಾರದು. ನಮ್ಮ ಊರಿನ ಹೆಸರಲ್ಲೇ ವಿಷದ ಮರ ಉಂಟು ಅಂತ ಹಿರಿಯರು ಹೇಳ್ತಾರೆ. ಕಾಸರಕ ಮರ, ಮಲಯಾಳದಲ್ಲಿ ಕಾಞಿರಂ. ಅದು ತುಂಬ ಇದ್ದ ಊರು ಕಾಸರಗೋಡು.

ಗಡಿಕಲ್ಲು

ಕಲ್ಲು ಹಾಕುವುದಿಲ್ಲ ಭಟ್ರೇ. ಊರಿನ ಹೆಸರಿಗೆ ಬೇರೆ ವಿವರಣೆಗಳೂ ಇವೆ, ಆದರೆ ಇದು ನನಗೂ ಇಷ್ಟ. ಕಾಸರಕದ ಬೀಜದಲ್ಲಿರುವುದು ಸ್ಟ್ರಿಕ್ನಿನ್. ಅದನ್ನೇ ಶುದ್ಧಿ ಮಾಡಿ ಆಯುರ್ವೇದದವರು ಮದ್ದಿಗೆ ಹಾಕ್ತಾರೆ. ಫಾರ್ಮಕಾನ್ ಅಂದರೆ ಇದೇ. ಆಟಿ ಅಮಾವಾಸ್ಯೆಗೆ ಮದ್ದು ಮಾಡಲು ಹಾಲೆ ಮರದ ಕೆತ್ತೆ (ತೊಗಟೆ) ತರಲು ಕತ್ತಲಲ್ಲಿ ಹೋಗುವವರಿಗೆ ಮನೆಯ ಹಿರಿಯರು "ಹಿಂದಿನ ದಿನವೇ ಗುರುತು ಮಾಡಿ ಬಾ" ಅಂತ ಹೇಳುವುದು ಸುಮ್ನೆ ಅಲ್ಲ. ಪಕ್ಕದಲ್ಲಿ ಕಾಸರಕ ಇದ್ದರೆ?

ಬಚ್ಚಿರೆ ಬಜ್ಜೆಯಿ, ಬದಿಯಡ್ಕ

ಒಂದೂವರೆ ತಿಂಗಳು ಆಯಿತು, ಸುದ್ದಿ ಹೇಳಲು ಬಂದೆ.

ರೆಕಾರ್ಡ್ ರೂಮ್ ಅಕ್ಕ ಹೇಳಿದ ಹಾಗೆ ಡಾಕ್ಟರ್ ಹತ್ತಿರ ಹೋದೆ. ಅವರು ನಕ್ಕು, "ನಾವು ಕಾಲೇಜಿನಲ್ಲಿ ಕಲಿತದ್ದೇ ಹಾಗೆ" ಅಂದರು. ಇಂಟಾಕ್ಸಿಕೇಶನ್ ಹೊಡೆದು ಪಾಯ್ಸನಿಂಗ್ ಅಂತ ಬರೆದು, ಪಕ್ಕದಲ್ಲಿ ಟಿ62.0 ಹಾಕಿ, ಸಹಿ ಸೀಲು ಕೊಟ್ಟರು. ಅದನ್ನು ಕೋರ್ಟ್ ರಸ್ತೆಯವರು ಹೇಳಿದ ಹಾಗೆ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಎರ್ನಾಕುಳಂಗೆ ಹೋಗಬೇಕಾಗಿ ಬರಲಿಲ್ಲ. ಗ್ಲೌಸು, ಹತ್ತಿ, ಇನ್ನೂ ಏನೇನೋ ಅಂತ ಸ್ವಲ್ಪ ಕಡಿದು ಉಳಿದದ್ದು ಬಂತು.

ಅದೇ ಹುಡುಗಿ ಫೋನ್ ಮಾಡಿ ಸಾರಿ ಹೇಳಿದಳು. ಅಪ್ಪ ಫೋನ್ ತೆಗೆದುಕೊಂಡು ಅವಳಿಗೆ ಹತ್ತು ನಿಮಿಷ ಬಿಲ್ಲು, ಬಾಣ, ಮದ್ದು ಎಲ್ಲ ಪಾಠ ಮಾಡಿದರು. ಪಾಪ, ಕೊನೆಯವರೆಗೆ ಕೇಳಿದಳು. ಕೊಪ್ಪಳದ ಕಡೆಯವಳಂತೆ, ಕನ್ನಡ ಮಾತಾಡಿದ್ದಕ್ಕೆ ಅಪ್ಪನಿಗೆ ಖುಷಿ.

ಆಮೇಲೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದರು. ಹೊಸ ಅಡಿಕೆ, ಇನ್ನೂ ಸರಿಯಾಗಿ ಒಣಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಣೆ ಒರೆಸಿಕೊಂಡು ಕಂಬಕ್ಕೆ ಒರಗಿದರು. ಅಮ್ಮ ಒಳಗಿಂದ ಓಡಿ ಬಂದರು, "ಎಂತ ಆಯಿತು?" ಅಂತ. ಅಪ್ಪ ಕೈ ಎತ್ತಿ ತೋರಿಸಿದರು. "ಸೊಕ್ಕಿದ್ದು, ಸೊಕ್ಕಿದ್ದು. ಆಸ್ಪತ್ರೆಗೆ ಫೋನ್ ಮಾಡಬೇಡ, ಅವರು ಇನ್ನೆಂತಾದರೂ ಬರೀತಾರೆ."

ಪಳ್ಳಿಕ್ಕರೆ ಕರಾವಳಿ

ಒಂದು ಲೋಟ ನೀರು ಕೊಡಿ. ಜಾಸ್ತಿ ಬೇಡ, ರೆಕಾರ್ಡ್ ರೂಮ್‌ನವರು ಅದಕ್ಕೂ ಒಂದು ಹೆಸರು ಹೇಳಿದ್ದಾರೆ.